ವಿಳಾಸದಲ್ಲೇ ಅಳತೆ ಬರೆದು ಚಿತ್ರವನ್ನು ಕಿರಿದಾಗಿಸುವುದು: ಶಿಲ್ಪಗಳ ಫೋಟೊ ತಾಣಕ್ಕೆ ಇದು ಸರಿಹೊಂದುತ್ತದೆಯೇ?

ಯಗಚಿ ದಂಡೆ (ಬೇಲೂರು):

ಎಲ್ಲರಿಗೂ ನಮಸ್ಕಾರ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಹೊಯ್ಸಳ ದೇವಾಲಯಗಳ ಶಿಲ್ಪಗಳ ಫೋಟೊ ತೆಗೆದು, ಹಲವು ವರ್ಷಗಳಿಂದ ಒಂದು ಜಾಲತಾಣದಲ್ಲಿ ಇಡುತ್ತ ಬಂದಿದ್ದೇನೆ. ಈಗ ಸಂಗ್ರಹದಲ್ಲಿ ಸುಮಾರು 4,200 ಫೋಟೊಗಳಿವೆ. ಹೆಚ್ಚಿನವು 6000 ಪಿಕ್ಸೆಲ್ ಅಗಲ ಮತ್ತು 4000 ಪಿಕ್ಸೆಲ್ ಎತ್ತರದವು. ಒಂದೊಂದು ಕಡತವೂ 7ರಿಂದ 9 ಎಂಬಿ ಇದೆ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ, ಪಾಠ ಮಾಡುವಾಗ ಈ ಚಿತ್ರಗಳನ್ನು ತೋರಿಸುತ್ತೇವೆಂದು ಹಲವು ಶಿಕ್ಷಕರು ನನಗೆ ಬರೆದಿದ್ದಾರೆ.

ಕಳೆದ ವಾರ ಮಲೆನಾಡಿನ ಕಡೆಯ ಶಿಕ್ಷಕರೊಬ್ಬರು, ಮದನಿಕೆಗಳ ಪುಟವು ತಮ್ಮ ಫೋನಿನಲ್ಲಿ ಪೂರ್ತಿ ತೆರೆಯುವಷ್ಟರಲ್ಲಿ ಪಾಠದ ಅವಧಿಯೇ ಮುಗಿದುಹೋಯಿತೆಂದು ಬರೆದರು. ಆ ಪುಟದಲ್ಲಿ 24 ಚಿತ್ರಗಳಿವೆ. ಪರದೆಯ ಮೇಲೆ ಅವು ಬೆರಳಗಲ ಕಂಡರೂ, ಒಳಗೆ ಇಳಿಯುವುದು ಮೂಲ ಕಡತವೇ. ತಲಾ 8 ಎಂಬಿ ಎಂದು ಹಿಡಿದರೂ ಒಂದು ಪುಟಕ್ಕೆ 192 ಎಂಬಿ ಆಗುತ್ತದೆ. ಇಷ್ಟು ದಿನ ಇದನ್ನು ಗಮನಿಸದೆ ಇದ್ದದ್ದು ನನ್ನ ತಪ್ಪು.

ಪ್ರತಿ ಫೋಟೊಗೂ ನಾಲ್ಕೈದು ಅಳತೆಗಳ ಪ್ರತಿಗಳನ್ನು ಮೊದಲೇ ಮಾಡಿಡಬೇಕೋ, ಇಲ್ಲವೇ ಚಿತ್ರದ ವಿಳಾಸದಲ್ಲೇ ‘ಅಗಲ 400’ ಎಂದು ಬರೆದರೆ ಸರ್ವರ್ ಆ ಕ್ಷಣಕ್ಕೆ ಕಿರಿದು ಮಾಡಿ ಕೊಡುವ ಏರ್ಪಾಟಿಗೆ ಹೋಗಬೇಕೋ ತಿಳಿಯುತ್ತಿಲ್ಲ. ಬಲ್ಲವರು ದಯವಿಟ್ಟು ತಿಳಿಸಿ.

ಕಾಫಿಕಣ (ಮೂಡಿಗೆರೆ):

ಎರಡನೆಯದಕ್ಕೇ ಹೋಗಿ. ನಮ್ಮ ಹೋಂಸ್ಟೇ ತಾಣದಲ್ಲಿ ಎರಡು ವರ್ಷಗಳಿಂದ ಹಾಗೆಯೇ ನಡೆಯುತ್ತಿದೆ, ಒಮ್ಮೆಯೂ ತೊಂದರೆಯಾಗಿಲ್ಲ.

ಹೇಮಾವತಿ (ಹಾಸನ):

ಬ್ಲಾಗರ್‌ನಲ್ಲಿ ಕನ್ನಡ ಬ್ಲಾಗು ಬರೆದವರಿಗೆ ಇದು ಹೊಸದೇನಲ್ಲ. ಅಲ್ಲಿನ ಚಿತ್ರದ ವಿಳಾಸದ ನಡುವೆ ‘ಎಸ್320’ ಎಂದಿರುವಲ್ಲಿ ‘ಎಸ್1600’ ಎಂದು ತಿದ್ದಿದರೆ ಅದೇ ಚಿತ್ರ ದೊಡ್ಡದಾಗಿ ಬರುತ್ತಿತ್ತು. ಕ್ಲೌಡಿನರಿ, ಇಮ್ಜಿಕ್ಸ್‌ನಂಥ ಸೇವೆಗಳು ಮಾಡುವುದೂ ಇದನ್ನೇ. ಕ್ಲೌಡಿನರಿಯಲ್ಲಿ ಅಗಲ, ಎತ್ತರ, ಕತ್ತರಿಸುವ ಬಗೆ ಇವೆಲ್ಲ ವಿಳಾಸದ ದಾರಿಯೊಳಗೆ ಅಲ್ಪವಿರಾಮ ಹಾಕಿ ಬರುತ್ತವೆ. ಇಮ್ಜಿಕ್ಸ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಬರುತ್ತವೆ. ಹಣ ಕೊಟ್ಟು ಬಳಸುವುದು ಬೇಡವೆಂದರೆ ಥಂಬರ್, ಇಮ್ಜಿಪ್ರಾಕ್ಸಿ ಎಂಬ ಮುಕ್ತ ತಂತ್ರಾಂಶಗಳನ್ನು ತಮ್ಮದೇ ಸರ್ವರಿನಲ್ಲಿ ಹಾಕಿಕೊಳ್ಳಬಹುದು.

ಮೊದಲೇ ಪ್ರತಿ ಮಾಡಿಡುವ ದಾರಿಯ ಕಷ್ಟವನ್ನು ನಾನು ಅನುಭವಿಸಿದ್ದೇನೆ. ತಾವು ಐದು ಅಳತೆ ಮಾಡಿದರೆ 21,000 ಕಡತಗಳಾಗುತ್ತವೆ. ಜೆಪೆಗ್ ಜೊತೆಗೆ ವೆಬ್‌ಪಿ ಎಂಬ ಇನ್ನೊಂದು ಚಿತ್ರರೂಪವೂ ಬೇಕೆಂದರೆ 42,000. ಮುಂದಿನ ವರ್ಷ ಪುಟದ ವಿನ್ಯಾಸ ಬದಲಾಗಿ 300ರ ಬದಲು 360 ಪಿಕ್ಸೆಲ್ ಬೇಕಾದರೆ ಅಷ್ಟನ್ನೂ ಮತ್ತೆ ಮಾಡಬೇಕು. ವಿಳಾಸದ ಏರ್ಪಾಟಿನಲ್ಲಾದರೆ ಟೆಂಪ್ಲೇಟಿನ ಒಂದು ಅಂಕಿಯನ್ನು ತಿದ್ದಿದರೆ ಸಾಕು.

ಗಿರಿಸಾಲು (ಚಿಕ್ಕಮಗಳೂರು):

ಹೇಮಾವತಿಯವರ ಲೆಕ್ಕ ಸರಿಯಿದೆ, ತೀರ್ಮಾನವನ್ನು ನಾನು ಒಪ್ಪುವುದಿಲ್ಲ. 42,000 ಕಡತಗಳೆಂದರೆ ಹೆದರುವಂಥ ಸಂಖ್ಯೆಯಲ್ಲ. ಇವು ದಿನದಿನವೂ ಬದಲಾಗುವ ಚಿತ್ರಗಳಲ್ಲ, ಕಲ್ಲಿನ ಶಿಲ್ಪಗಳ ಫೋಟೊಗಳು. ಒಮ್ಮೆ ಚಿತ್ರ ಕಿರಿದು ಮಾಡುವ ಲಿಬ್‌ವಿಪ್ಸ್ ತಂತ್ರಾಂಶ ಬಳಸಿ ಒಂದು ಸ್ಕ್ರಿಪ್ಟ್ ಓಡಿಸಿದರೆ ಕೆಲಸ ಮುಗಿಯಿತು. ಆಮೇಲೆ ಉಳಿಯುವುದು ಬರಿಯ ಕಡತಗಳು, ಅವನ್ನು ಎಂಥ ಅಗ್ಗದ ಹೋಸ್ಟಿಂಗಿನಿಂದ ಬೇಕಾದರೂ ಬಡಿಸಬಹುದು. ಕೇಳಿದಾಗಲೇ ತಯಾರಿಸುವ ಏರ್ಪಾಟಿನಲ್ಲಿ ಒಂದು ತಂತ್ರಾಂಶ ಹಗಲಿರುಳೂ ಎಚ್ಚರವಾಗಿರಬೇಕು, ಅದು ನಿಂತರೆ ತಾಣದ ಚಿತ್ರಗಳೆಲ್ಲ ಒಟ್ಟಿಗೇ ಮಾಯವಾಗುತ್ತವೆ.

ಮೆಮೊರಿಯ ವಿಷಯವೂ ಇದೆ. 8 ಎಂಬಿಯ ಜೆಪೆಗ್ ಬಿಚ್ಚಿದಾಗ 8 ಎಂಬಿಯಾಗಿ ಉಳಿಯುವುದಿಲ್ಲ. 6000ಕ್ಕೆ 4000 ಎಂದರೆ 2.4 ಕೋಟಿ ಪಿಕ್ಸೆಲ್. ಪಿಕ್ಸೆಲಿಗೆ 3 ಬೈಟಿನಂತೆ 72 ಎಂಬಿ. ಹೊಸದಾಗಿ ತೆರೆದ ಪುಟವೊಂದರಲ್ಲಿ 24 ಚಿತ್ರಗಳಿಗೆ ಒಮ್ಮೆಗೇ ಬೇಡಿಕೆ ಬಂದರೆ 1 ಜಿಬಿ ರ‍್ಯಾಮಿನ ಸರ್ವರ್ ತಡೆದುಕೊಳ್ಳುತ್ತದೆಯೇ?

ಹೇಮಾವತಿ (ಹಾಸನ):

ಲಿಬ್‌ವಿಪ್ಸ್ ಹೆಸರನ್ನು ತಾವೇ ಹೇಳಿದ್ದೀರಿ, ಇಮ್ಜಿಪ್ರಾಕ್ಸಿಯ ಒಳಗಿರುವುದೂ ಅದೇ. ಜೆಪೆಗ್ ಚಿತ್ರವು 8ಕ್ಕೆ 8 ಪಿಕ್ಸೆಲಿನ ಚೌಕಗಳಾಗಿ ಅಡಕಗೊಂಡಿರುವುದರಿಂದ, ಬಿಚ್ಚುವಾಗಲೇ ಅದನ್ನು ಅರ್ಧಕ್ಕೆ, ಕಾಲಿಗೆ ಅಥವಾ ಎಂಟನೇ ಒಂದಕ್ಕೆ ಇಳಿಸಿ ತೆಗೆಯಲು ಸಾಧ್ಯ. 400 ಪಿಕ್ಸೆಲ್ ಅಗಲ ಬೇಕಾದಾಗ 6000ದ ಚಿತ್ರ ನೇರವಾಗಿ 750ಕ್ಕೆ ಇಳಿದು ಬರುತ್ತದೆ, ಅಲ್ಲಿಂದ ಮುಂದೆ ನಯವಾಗಿ 400ಕ್ಕೆ ತರುತ್ತಾರೆ. ಆದ್ದರಿಂದ ಆ 72 ಎಂಬಿ ಒಮ್ಮೆಯೂ ಮೆಮೊರಿಗೆ ಬರುವುದಿಲ್ಲ. ಒಂದು ಸಲ ತಯಾರಾದದ್ದು ಕ್ಯಾಶಿನಲ್ಲಿ, ಅಂದರೆ ತಾತ್ಕಾಲಿಕ ಸಂಗ್ರಹದಲ್ಲಿ ಉಳಿಯುವುದರಿಂದ ಎರಡನೆಯವರು ಕೇಳಿದಾಗ ಆ ಕೆಲಸವೂ ಇಲ್ಲ.

ಗಿರಿಸಾಲು (ಚಿಕ್ಕಮಗಳೂರು):

ಆ ಅಂಶವನ್ನು ಒಪ್ಪುತ್ತೇನೆ. ಆದರೂ ಆ ಸೌಲಭ್ಯ ಮುಖ್ಯವಾಗಿ ಜೆಪೆಗ್‌ನದು. ಪಿಎನ್‌ಜಿ ರೂಪದ ಚಿತ್ರ ಹಾಕಿದರೆ ಪೂರ್ತಿ ಬಿಚ್ಚಲೇಬೇಕು.

ತೆಂಗಿನ ಸೀಮೆ (ಅರಸೀಕೆರೆ):

ಇಷ್ಟೆಲ್ಲ ಏಕೆ? ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶದಲ್ಲೇ ಚಿತ್ರ ಕಿರಿದು ಮಾಡುವ ಮಾಡ್ಯೂಲ್ ಇದೆಯಲ್ಲ. ನಾಲ್ಕು ಸಾಲು ಬರೆದರೆ ಮುಗಿಯುತ್ತದೆ.

ಗಿರಿಸಾಲು (ಚಿಕ್ಕಮಗಳೂರು):

ಮಾಡ್ಯೂಲ್ ಇರುವುದು ನಿಜ, ಆದರೆ ಅದರ ಮಿತಿಗಳನ್ನು ತಿಳಿಸದೆ ಬಿಡಬಾರದು. ಅದು ಓದುವ ಕಡತದ ಗಾತ್ರದ ಮಿತಿ 1 ಎಂಬಿ ಎಂದು ಮೊದಲೇ ನಿಗದಿಯಾಗಿರುತ್ತದೆ. ಅದನ್ನು ಹೆಚ್ಚಿಸದಿದ್ದರೆ ಯಗಚಿ ದಂಡೆಯವರ ಪ್ರತಿಯೊಂದು ಫೋಟೊಗೂ 415 ಎಂಬ ದೋಷವೇ ಬರುತ್ತದೆ. ಕಿರಿದು ಮಾಡಿದ್ದನ್ನು ಅದು ತಾನಾಗಿ ಕೂಡಿಡುವುದಿಲ್ಲ, ಮುಂದೆ ಬೇರೆ ಕ್ಯಾಶ್ ಕಟ್ಟಬೇಕು. ಜೆಪೆಗ್ ಕೊಟ್ಟರೆ ವೆಬ್‌ಪಿ ಮಾಡಿಕೊಡು ಎಂದರೂ ಆಗುವುದಿಲ್ಲ.

ತೆಂಗಿನ ಸೀಮೆ (ಅರಸೀಕೆರೆ):

415ರ ವಿಷಯ ನನಗೆ ತಿಳಿದಿರಲಿಲ್ಲ. ನನ್ನ ಚಿತ್ರಗಳು ಚಿಕ್ಕವಾದ್ದರಿಂದ ಕಂಡಿರಲಿಕ್ಕಿಲ್ಲ. ಧನ್ಯವಾದಗಳು.

ಗಿರಿಸಾಲು (ಚಿಕ್ಕಮಗಳೂರು):

ಇನ್ನೊಂದು ಮಾತು, ಇದನ್ನು ಕಾಫಿಕಣ ಅವರೂ ಓದಬೇಕೆಂದು ಕೋರುತ್ತೇನೆ. ತಮ್ಮ ವಿಳಾಸದಲ್ಲಿರುವ ಅಂಕಿಯನ್ನು ಯಾರು ಬೇಕಾದರೂ ತಿದ್ದಬಹುದಾದರೆ, ಆ ಬಾಗಿಲು ಎಲ್ಲರಿಗೂ ತೆರೆದಿದೆ ಎಂದೇ ಅರ್ಥ. ಒಬ್ಬರು ಬೇಕೆಂದೇ ಅಗಲವನ್ನು 1ರಿಂದ 4000ದವರೆಗೆ, ಎತ್ತರವನ್ನೂ 1ರಿಂದ 4000ದವರೆಗೆ ಬದಲಿಸುತ್ತ ಕೇಳಿದರೆ ಒಂದೇ ಫೋಟೊದಿಂದ 1.6 ಕೋಟಿ ಬೇರೆ ಬೇರೆ ಚಿತ್ರಗಳಾಗುತ್ತವೆ. ಯಾವುದೂ ಕ್ಯಾಶಿನಲ್ಲಿ ಸಿಗುವುದಿಲ್ಲ, ಪ್ರತಿಯೊಂದಕ್ಕೂ ಸರ್ವರ್ ದುಡಿಯಬೇಕು, ಡಿಸ್ಕ್ ತುಂಬಿ ತಾಣ ನಿಲ್ಲುತ್ತದೆ. ಬಾಡಿಗೆ ಸೇವೆಯಾದರೆ ತಿಂಗಳ ಬಿಲ್ಲು ಏರುತ್ತದೆ.

ಇದಕ್ಕಿಂತ ಕೆಟ್ಟದ್ದೂ ಆಗಿದೆ. ಟಿಮ್‌ಥಂಬ್ ಎಂಬ ಪಿಎಚ್‌ಪಿ ಸ್ಕ್ರಿಪ್ಟ್ ಒಂದು ಕಾಲದಲ್ಲಿ ಅಸಂಖ್ಯ ವರ್ಡ್‌ಪ್ರೆಸ್ ಥೀಮುಗಳ ಒಳಗೆ ಬರುತ್ತಿತ್ತು. ವಿಳಾಸದಲ್ಲಿ ಬೇರೆ ತಾಣದ ಚಿತ್ರವನ್ನು ಹೆಸರಿಸಿದರೆ ಅದನ್ನೂ ತಂದು ಕಿರಿದು ಮಾಡಿ ಕೊಡುತ್ತಿತ್ತು. ಬ್ಲಾಗರ್, ಫ್ಲಿಕರ್‌ನಂಥ ಕೆಲವೇ ತಾಣಗಳಿಂದ ತರಬೇಕೆಂಬ ಕಟ್ಟುಪಾಡು ಇದ್ದರೂ, ಆ ಹೆಸರು ವಿಳಾಸದಲ್ಲಿ ಎಲ್ಲಾದರೂ ಇದೆಯೇ ಎಂದಷ್ಟೇ ಅದು ನೋಡುತ್ತಿತ್ತು. ದಾಳಿ ಮಾಡುವವರು ತಮ್ಮ ತಾಣದ ಹೆಸರಿನ ಮುಂದೆ ಬ್ಲಾಗರ್ ಎಂದು ಸೇರಿಸಿ, ಚಿತ್ರದ ಬದಲು ಪಿಎಚ್‌ಪಿ ಕಡತವನ್ನು ಒಳಗೆ ತರಿಸಿ ಓಡಿಸಿದರು. ಇದು ಬಯಲಾದದ್ದು 2011ರಲ್ಲಿ.

ಆದ್ದರಿಂದ ಮೂಲ ಚಿತ್ರಗಳನ್ನು ನಿಮ್ಮ ಒಂದೇ ಕೋಶದಿಂದ ಮಾತ್ರ ಎತ್ತಿಕೊಳ್ಳುವಂತೆ ಕಟ್ಟಿಹಾಕಿ, ವಿಳಾಸಕ್ಕೆ ಸಹಿ ಹಾಕಿಸಿ. ಥಂಬರ್, ಇಮ್ಜಿಪ್ರಾಕ್ಸಿ ಎರಡರಲ್ಲೂ ಗುಪ್ತ ಕೀಲಿಯಿಂದ ಲೆಕ್ಕ ಹಾಕಿದ ಸಹಿಯೊಂದು ವಿಳಾಸದಲ್ಲೇ ಇರುತ್ತದೆ. ಒಂದಂಕಿ ತಿದ್ದಿದರೂ ಸಹಿ ಹೊಂದದೆ ಬೇಡಿಕೆ ತಿರಸ್ಕೃತವಾಗುತ್ತದೆ. ಕಲಿಯುವಾಗ ಥಂಬರ್‌ನ ವಿಳಾಸದಲ್ಲಿ ಸಹಿಯ ಜಾಗಕ್ಕೆ ‘ಅನ್‌ಸೇಫ್’ ಎಂದು ಬರೆದುಕೊಂಡವರು, ತಾಣ ತೆರೆಯುವಾಗ ಅದನ್ನು ಮುಚ್ಚಲು ಮರೆಯಬಾರದು.

ಕಾಫಿಕಣ (ಮೂಡಿಗೆರೆ):

ಇದನ್ನು ಓದಿ ನಮ್ಮ ತಾಣದ ಚಿತ್ರದ ವಿಳಾಸದಲ್ಲಿ ಅಗಲವನ್ನು 9000 ಎಂದು ತಿದ್ದಿ ನೋಡಿದೆ. ಮರುಮಾತಿಲ್ಲದೆ 9000 ಪಿಕ್ಸೆಲಿನ ಮಸುಕು ಚಿತ್ರವೊಂದು ಬಂದಿತು. ಮೊದಲು ‘ಒಮ್ಮೆಯೂ ತೊಂದರೆಯಾಗಿಲ್ಲ’ ಎಂದು ಬರೆದಿದ್ದೆ. ಯಾರೂ ಪರೀಕ್ಷಿಸಿರಲಿಲ್ಲ ಎಂಬುದೇ ಸರಿಯಾದ ಮಾತು. ತಾಣ ಮಾಡಿಕೊಟ್ಟವರಿಗೆ ಇವತ್ತೇ ಹೇಳುತ್ತೇನೆ.

ಬಳಪದ ಕಲ್ಲು (ಹಳೇಬೀಡು):

ನಾನು ಸರ್ವರ್ ಬಲ್ಲವನಲ್ಲ, ಮೂವತ್ತು ವರ್ಷಗಳಿಂದ ಈ ಶಿಲ್ಪಗಳನ್ನು ನೋಡುತ್ತ, ಜನರಿಗೆ ತೋರಿಸುತ್ತ ಬಂದವನು. ಅಗಲ ಎತ್ತರಗಳ ಮಾತಿನಲ್ಲಿ ಯಾರೂ ಕತ್ತರಿಸುವಿಕೆಯ ಬಗ್ಗೆ ಮಾತಾಡಲಿಲ್ಲ. ತಾಣವೊಂದರಲ್ಲಿ ದರ್ಪಣ ಸುಂದರಿಯ ಚಿತ್ರವನ್ನು ಚೌಕವಾಗಿ ಕತ್ತರಿಸಿ ಹಾಕಿದ್ದರು. ಮದನಿಕೆಯ ವಿಗ್ರಹ ನೀಳವಾದದ್ದು, ನಡುವಿನಿಂದ ಚೌಕ ತೆಗೆದಾಗ ಮೇಲಿನ ಲತಾತೋರಣ ಹೋಯಿತು, ಕಾಲ ಬಳಿಯ ಪರಿಚಾರಕರು ಹೋದರು, ಕೊನೆಗೆ ಕನ್ನಡಿಯೂ ಅರ್ಧ ಹೋಯಿತು. ಕನ್ನಡಿಯಿಲ್ಲದ ದರ್ಪಣ ಸುಂದರಿಯನ್ನು ಮಕ್ಕಳಿಗೆ ಏನೆಂದು ತೋರಿಸುವುದು? ಹಳೇಬೀಡಿನ ಗಜಪಟ್ಟಿಕೆಯದು ಇದರ ವಿರುದ್ಧ ಕಷ್ಟ. ಅದು ಗೋಡೆಯುದ್ದಕ್ಕೂ ಸಾಗುವ ಸಾಲು, ಅದನ್ನು ಚೌಕ ಮಾಡಿದರೆ ಒಂದೂವರೆ ಆನೆ ಉಳಿಯುತ್ತದೆ.

ಯಂತ್ರ ಕತ್ತರಿಸುವುದಾದರೆ ಶಿಲ್ಪ ಬಲ್ಲವರೊಬ್ಬರು ಅದರ ಹಿಂದೆ ಇರಲೇಬೇಕು.

ಹೇಮಾವತಿ (ಹಾಸನ):

ತಮ್ಮ ಮಾತು ಬಹಳ ಮುಖ್ಯವಾದದ್ದು. ವಿಳಾಸದಲ್ಲಿ ಅಗಲ ಎತ್ತರ ಎರಡನ್ನೂ ಕೊಟ್ಟಾಗ, ಚಿತ್ರವನ್ನು ಆ ಚೌಕಟ್ಟಿನೊಳಗೆ ಪೂರ್ತಿ ಕೂರಿಸಬೇಕೋ, ಚೌಕಟ್ಟು ತುಂಬುವಂತೆ ಹಿಗ್ಗಿಸಿ ಹೊರಚಾಚಿದ್ದನ್ನು ಕತ್ತರಿಸಬೇಕೋ ಎಂದು ಇನ್ನೊಂದು ಪದದಲ್ಲಿ ಹೇಳಬೇಕಾಗುತ್ತದೆ. ಶಿಲ್ಪಗಳಿಗೆ ಕೂರಿಸುವ ಬಗೆಯೇ ಸರಿ, ಅಗಲವನ್ನು ಮಾತ್ರ ಕೊಟ್ಟು ಎತ್ತರವನ್ನು ಅದರ ಪ್ರಮಾಣಕ್ಕೆ ಬಿಡಬೇಕು. ಥಂಬರ್‌ನಲ್ಲಿ ಮುಖ ಗುರುತಿಸಿ ಕತ್ತರಿಸುವ ಸೌಲಭ್ಯವಿದೆ. ಜನರ ಫೋಟೊಗಳಿಗೆ ಅದು ಚೆನ್ನಾಗಿ ಕೆಲಸ ಮಾಡಿತು, ಶಿಲ್ಪಗಳ ಮೇಲೆ ಪರೀಕ್ಷಿಸಿದಾಗ ಕೀರ್ತಿಮುಖದ ಕಡೆಗೇ ವಾಲಿತು. ಚೌಕ ಬೇಕೇ ಬೇಕೆಂದರೆ, ಪ್ರತಿ ಚಿತ್ರದ ಮುಖ್ಯ ಬಿಂದು ಎಲ್ಲಿದೆ ಎಂದು ಮನುಷ್ಯರೇ ಗುರುತಿಸಿ ಎರಡು ಅಂಕಿಗಳಲ್ಲಿ ಬರೆದಿಟ್ಟರೆ, ಇಮ್ಜಿಪ್ರಾಕ್ಸಿ ಅದನ್ನು ಕೇಂದ್ರವಾಗಿಟ್ಟು ಕತ್ತರಿಸುತ್ತದೆ.

ಬಳಪದ ಕಲ್ಲು (ಹಳೇಬೀಡು):

ಮುಖ್ಯ ಬಿಂದು ಗುರುತಿಸುವ ಕೆಲಸವನ್ನು ನಾನು ಮಾಡಿಕೊಡುತ್ತೇನೆ. ದಿನಕ್ಕೆ ಐವತ್ತು ಚಿತ್ರ ನೋಡಬಲ್ಲೆ.

ಕೊಪ್ಪದ ಮೇಷ್ಟ್ರು:

ಯಗಚಿ ದಂಡೆಯವರಿಗೆ ಬರೆದ ಶಿಕ್ಷಕ ನಾನೇ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರಿನ ಸಿಗ್ನಲ್ ಕೂಡ ಹೋಗುತ್ತದೆ, ಇದ್ದಾಗಲೂ ಒಂದು ಗೆರೆ ಇದ್ದರೆ ಹೆಚ್ಚು. ಮಕ್ಕಳಿಗೆ ಮೊದಲು ಚಿಕ್ಕ ಚಿತ್ರಗಳು ಬೇಗ ಕಾಣಬೇಕು. ಯಾವುದಾದರೊಂದನ್ನು ಮುಟ್ಟಿದಾಗ ಮಾತ್ರ ದೊಡ್ಡದು ಬಂದರೆ ಸಾಕು. ನನ್ನ ಫೋನಿನ ಪರದೆಯ ಅಗಲ 360 ಎಂದು ಎಲ್ಲೋ ತೋರಿಸಿತು, ಹಾಗಾದರೆ 360 ಪಿಕ್ಸೆಲಿನ ಚಿತ್ರ ಸಾಕಾಗುತ್ತದೆಯೇ?

ಹೇಮಾವತಿ (ಹಾಸನ):

ಮೇಷ್ಟ್ರೇ, ಆ 360 ಬ್ರೌಸರಿನ ಲೆಕ್ಕದ ಅಳತೆ. ಈಗಿನ ಹಲವು ಫೋನುಗಳಲ್ಲಿ ಅದರ ಪ್ರತಿ ಬಿಂದುವಿಗೆ ಅಡ್ಡಕ್ಕೆ ಮೂರು ನಿಜವಾದ ಪಿಕ್ಸೆಲ್‌ಗಳಿರುತ್ತವೆ, ಅಂದರೆ ಪರದೆಯಗಲದ ಚಿತ್ರಕ್ಕೆ 1080 ಬೇಕಾಗುತ್ತದೆ. ಆದರೆ ಒಂದು ಸಾಲಿಗೆ ಎರಡು ಚಿತ್ರಗಳಿದ್ದರೆ 540 ಸಾಕು. ಯಾವ ಫೋನಿಗೆ ಎಷ್ಟೆಂದು ನಾವು ಊಹಿಸುವ ಅಗತ್ಯವಿಲ್ಲ. ಎಚ್‌ಟಿಎಂಎಲ್‌ನ ‘ಎಸ್‌ಆರ್‌ಸಿಸೆಟ್’ನಲ್ಲಿ ಒಂದೇ ಚಿತ್ರದ ಹಲವು ಅಗಲಗಳ ವಿಳಾಸಗಳನ್ನು ಕೊಟ್ಟು, ‘ಸೈಜಸ್’ನಲ್ಲಿ ಅದು ಪುಟದಲ್ಲಿ ಎಷ್ಟು ಜಾಗ ಹಿಡಿಯುತ್ತದೆಂದು ಬರೆದರೆ, ಬ್ರೌಸರ್ ತಾನೇ ತಕ್ಕದ್ದನ್ನು ಆರಿಸಿಕೊಳ್ಳುತ್ತದೆ. ‘ಸೈಜಸ್’ ಬರೆಯದಿದ್ದರೆ ಚಿತ್ರವು ಪರದೆಯಷ್ಟು ಅಗಲವಿದೆಯೆಂದು ತಿಳಿದು ದೊಡ್ಡದನ್ನೇ ತರಿಸುತ್ತದೆ. ಯಗಚಿ ದಂಡೆಯವರು ಇಲ್ಲಿ ಎಡವದಿರಲಿ ಎಂದು ಒತ್ತಿ ಹೇಳುತ್ತಿದ್ದೇನೆ.

ತೆಂಗಿನ ಸೀಮೆ (ಅರಸೀಕೆರೆ):

ಚಿತ್ರದ ರೂಪವಾಗಿ ವೆಬ್‌ಪಿ ಒಳ್ಳೆಯದೋ ಎವಿಐಎಫ್ ಒಳ್ಳೆಯದೋ?

ಗಿರಿಸಾಲು (ಚಿಕ್ಕಮಗಳೂರು):

ಎವಿಐಎಫ್ ಹೆಚ್ಚು ಚಿಕ್ಕದಾಗುತ್ತದೆ, ಆದರೆ ತಯಾರಿಸಲು ಸಿಪಿಯುಗೆ ಬಹಳ ಶ್ರಮ. ಚಿಕ್ಕ ಸರ್ವರಿನಲ್ಲಿ ಕೇಳಿದಾಗಲೇ ತಯಾರಿಸುವುದಾದರೆ ವೆಬ್‌ಪಿಯಲ್ಲೇ ನಿಲ್ಲುವುದು ಲೇಸು. ಬ್ರೌಸರ್ ತನಗೆ ಯಾವ ರೂಪ ಅರ್ಥವಾಗುತ್ತದೆಂದು ಬೇಡಿಕೆಯ ಜೊತೆ ಕಳುಹಿಸುವ ‘ಆಕ್ಸೆಪ್ಟ್’ ಹೆಡರಿನಲ್ಲಿ ತಾನೇ ಹೇಳುತ್ತದೆ, ಅದನ್ನು ನೋಡಿ ಸರ್ವರ್ ರೂಪವನ್ನು ಆರಿಸಬಹುದು. ಆದರೆ ಒಂದೇ ವಿಳಾಸಕ್ಕೆ ಎರಡು ರೂಪಗಳಿವೆ ಎಂಬುದು ಮಧ್ಯದ ಕ್ಯಾಶಿಗೂ ಗೊತ್ತಿರಬೇಕು. ಗೊತ್ತಿಲ್ಲದ ಕ್ಯಾಶ್ ಹೊಸ ಫೋನಿಗೆಂದು ತಯಾರಾದದ್ದನ್ನು ಹಳೆಯ ಫೋನಿಗೂ ಕೊಟ್ಟು, ಅಲ್ಲಿ ಖಾಲಿ ಚೌಕ ಕಾಣುವಂತೆ ಮಾಡುತ್ತದೆ.

ಗಜಪಟ್ಟಿಕೆಯ ಜೋಡಿಸಿದ ಉದ್ದ ಚಿತ್ರಗಳಿದ್ದರೆ ಇದನ್ನೂ ನೆನಪಿಡಿ: ವೆಬ್‌ಪಿ ಚಿತ್ರದ ಯಾವ ಬದಿಯೂ 16,383 ಪಿಕ್ಸೆಲ್ ಮೀರುವಂತಿಲ್ಲ.

ಯಗಚಿ ದಂಡೆ (ಬೇಲೂರು):

ಅಂಥ ಚಿತ್ರಗಳು ನನ್ನಲ್ಲಿ ಒಂಬತ್ತಿವೆ, ಕೆಲವು 30,000 ಪಿಕ್ಸೆಲ್ ಉದ್ದದವು. ಅವನ್ನು ಏನು ಮಾಡುವುದು?

ಹೇಮಾವತಿ (ಹಾಸನ):

ಅವಕ್ಕೆ ಐಐಐಎಫ್ ಎಂಬ ಪದ್ಧತಿಯನ್ನು ನೋಡಿ. ಬ್ರಿಟಿಷ್ ಲೈಬ್ರರಿ, ಸ್ಟ್ಯಾನ್‌ಫೋರ್ಡ್, ಆಕ್ಸ್‌ಫರ್ಡ್‌ನಂಥ ಸಂಸ್ಥೆಗಳು ತಮ್ಮ ಹಸ್ತಪ್ರತಿಗಳ ಚಿತ್ರಗಳಿಗಾಗಿ 2011ರಲ್ಲಿ ಆರಂಭಿಸಿದ ಕೆಲಸ ಅದು. ಅದರಲ್ಲಿ ವಿಳಾಸದ ಕ್ರಮವೇ ನಿಗದಿಯಾಗಿದೆ: ಮೊದಲು ಚಿತ್ರದ ಯಾವ ಭಾಗ, ಆಮೇಲೆ ಯಾವ ಅಳತೆ, ಆಮೇಲೆ ಎಷ್ಟು ತಿರುಗಿಸಬೇಕು, ಕೊನೆಗೆ ಗುಣಮಟ್ಟ ಮತ್ತು ರೂಪ. ಓಪನ್‌ಸೀಡ್ರ್ಯಾಗನ್‌ನಂಥ ವೀಕ್ಷಕವನ್ನು ಪುಟದಲ್ಲಿಟ್ಟರೆ, ಓದುಗರು ಹತ್ತಿರ ಹೋದಂತೆಲ್ಲ ಆ ಭಾಗದ ತುಣುಕುಗಳು ಮಾತ್ರ ಇಳಿಯುತ್ತವೆ. ಒಂದು ಆನೆಯ ಸೊಂಡಿಲು ನೋಡಲು ಗೋಡೆಯನ್ನೆಲ್ಲ ಇಳಿಸಬೇಕಾಗಿಲ್ಲ.

ಬಳಪದ ಕಲ್ಲು (ಹಳೇಬೀಡು):

ಅದು ಸಾಧ್ಯವಾದರೆ ಅಂಬಾರಿಯ ಸರಪಳಿಯ ಕೊಂಡಿಗಳನ್ನೂ ಮಕ್ಕಳು ಎಣಿಸಬಹುದು. ದಯವಿಟ್ಟು ಮಾಡಿ.

ಕಾಫಿಕಣ (ಮೂಡಿಗೆರೆ):

ಇನ್ನೊಂದನ್ನು ಕೇಳಬೇಕು. ಫೋನಿನಲ್ಲಿ ತೆಗೆದ ಫೋಟೊದೊಳಗೆ ಜಾಗದ ಗುರುತು ಇರುತ್ತದಲ್ಲ, ಕಿರಿದು ಮಾಡಿದಾಗ ಅದು ಉಳಿಯುತ್ತದೆಯೇ?

ಗಿರಿಸಾಲು (ಚಿಕ್ಕಮಗಳೂರು):

ಒಳ್ಳೆಯ ಪ್ರಶ್ನೆ. ಇಮ್ಜಿಪ್ರಾಕ್ಸಿ ಅದನ್ನು ತಾನಾಗಿಯೇ ತೆಗೆದುಹಾಕುತ್ತದೆ, ಆದರೆ ಮೂಲ ಕಡತದಲ್ಲಿ ಅದು ಇದ್ದೇ ಇರುತ್ತದೆ. ಕಾವಲಿಲ್ಲದ ಹಳ್ಳಿಯ ಗುಡಿಗಳ ವಿಗ್ರಹಗಳ ಫೋಟೊಗಳಲ್ಲಿ ಅಕ್ಷಾಂಶ ರೇಖಾಂಶಗಳು ಹೊರಗೆ ಹೋಗಬಾರದೆಂಬುದು ನನ್ನ ಕಳಕಳಿಯ ಮನವಿ. ಆದ್ದರಿಂದ ಮೂಲ ಕಡತಗಳ ಕೋಶಕ್ಕೆ ಹೊರಗಿನಿಂದ ದಾರಿಯೇ ಇರಕೂಡದು. ಬೇರೆ ತಂತ್ರಾಂಶ ಬಳಸುವವರು, ಆ ಮಾಹಿತಿಯನ್ನು ಅಳಿಸುವ ಮೊದಲು ಚಿತ್ರವನ್ನು ಅದರಲ್ಲಿರುವ ದಿಕ್ಕಿನ ಗುರುತಿನಂತೆ ತಿರುಗಿಸಿರಬೇಕು; ಇಲ್ಲವಾದರೆ ನಿಂತ ವಿಗ್ರಹ ಮಲಗಿಬಿಡುತ್ತದೆ.

ಯಗಚಿ ದಂಡೆ (ಬೇಲೂರು):

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಹೇಮಾವತಿ ಮತ್ತು ಗಿರಿಸಾಲು ಇಬ್ಬರ ಮಾತನ್ನೂ ಸ್ವಲ್ಪ ಸ್ವಲ್ಪ ಕೇಳಿದೆ. ಇಮ್ಜಿಪ್ರಾಕ್ಸಿ ಹಾಕಿದ್ದೇನೆ, ಆದರೆ ವಿಳಾಸದಲ್ಲಿ ಅಂಕಿ ಬರೆಯಲು ಬಿಟ್ಟಿಲ್ಲ. ಮೊದಲೇ ಹೆಸರಿಟ್ಟ ಐದು ಅಳತೆಗಳನ್ನು ಮಾತ್ರ ಅದು ಒಪ್ಪುತ್ತದೆ. ಒಮ್ಮೆ ತಯಾರಾದ ಚಿತ್ರ ಡಿಸ್ಕಿನಲ್ಲಿ ಉಳಿಯುತ್ತದೆ, ಬ್ರೌಸರಿನಲ್ಲಿ ಒಂದು ವರ್ಷ ಇಟ್ಟುಕೊಳ್ಳಬಹುದೆಂದು ಹೆಡರಿನಲ್ಲಿ ಬರೆದಿದ್ದೇನೆ. ವಿಳಾಸಗಳು ನನ್ನ ತಾಣದ ಹೆಸರಿನಲ್ಲೇ ಇವೆ, ನಾಳೆ ಒಳಗಿನ ತಂತ್ರಾಂಶ ಬದಲಾದರೂ ಶಿಕ್ಷಕರು ಬರೆದಿಟ್ಟುಕೊಂಡ ಕೊಂಡಿಗಳು ಕೆಡುವುದಿಲ್ಲ. ಮದನಿಕೆಗಳ ಪುಟ 192 ಎಂಬಿಯಿಂದ 1 ಎಂಬಿಗಿಂತ ಕೆಳಗೆ ಬಂದಿದೆ.

ಆದರೆ ಒಂದು ತೊಡಕು ಬಿಡಿಸಲಾಗುತ್ತಿಲ್ಲ. ಕಡತಗಳಿಗೆ ಕನ್ನಡದಲ್ಲೇ ಹೆಸರಿಟ್ಟಿದ್ದೇನೆ. ಗಣಪತಿ, ಸರಸ್ವತಿ, ವರಾಹ, ಬೆಳವಾಡಿ, ಅಮೃತಾಪುರ ಎಂದು ಆರಂಭವಾಗುವ ಚಿತ್ರಗಳು ತೆರೆಯುತ್ತವೆ. ಬೇಲೂರು, ಹಳೇಬೀಡು, ದೊಡ್ಡಗದ್ದವಳ್ಳಿ, ಭೈರವ, ಕೋರವಂಗಲ ಇವೆಲ್ಲ 404, ಅಂದರೆ ಕಡತ ಸಿಗಲಿಲ್ಲ ಎನ್ನುತ್ತವೆ. ಸರ್ವರಿನಲ್ಲಿ ನೋಡಿದರೆ ಕಡತ ಅಲ್ಲೇ ಇದೆ, ಹೆಸರಿನಲ್ಲಿ ಒಂದಕ್ಷರವೂ ತಪ್ಪಿಲ್ಲ.

ಗಿರಿಸಾಲು (ಚಿಕ್ಕಮಗಳೂರು):

ಆ ಫೋಟೊಗಳನ್ನು ಇಟ್ಟುಕೊಂಡಿದ್ದ ಕಂಪ್ಯೂಟರ್ ಹಳೆಯ ಮ್ಯಾಕ್ ಆಗಿತ್ತೇ?

ಯಗಚಿ ದಂಡೆ (ಬೇಲೂರು):

ಹೌದು! ತಮಗೆ ಹೇಗೆ ತಿಳಿಯಿತು?

ಗಿರಿಸಾಲು (ಚಿಕ್ಕಮಗಳೂರು):

ತಾವು ಕೊಟ್ಟ ಹೆಸರುಗಳಲ್ಲೇ ಉತ್ತರವಿದೆ. ತೆರೆಯದ ಹೆಸರುಗಳಲ್ಲೆಲ್ಲ ಏತ್ವ, ಐತ್ವ, ಒತ್ವ, ಓತ್ವ ಅಥವಾ ದೀರ್ಘ ಈಕಾರದ ಗುಣಿತಗಳಿವೆ. ಯೂನಿಕೋಡಿನಲ್ಲಿ ಈ ಚಿಹ್ನೆಗಳನ್ನು ಎರಡು ಬಗೆಯಲ್ಲಿ ಬರೆಯಲು ಸಾಧ್ಯ. ‘ದೊ’ ಎಂಬುದರಲ್ಲಿ ಒತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ಊಕಾರದ ಚಿಹ್ನೆಗಳೆಂಬ ಎರಡು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಹಳೆಯ ಮ್ಯಾಕಿನ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿ ಇಡುತ್ತಿತ್ತು, ತಮ್ಮ ಪುಟದಲ್ಲಿ ಬೆರಳಚ್ಚು ಮಾಡಿದ ಹೆಸರು ಕೂಡಿಸಿದ ರೂಪದಲ್ಲಿದೆ. ಲಿನಕ್ಸ್ ಬೈಟುಗಳನ್ನಷ್ಟೇ ಹೋಲಿಸುವುದರಿಂದ ಕಡತ ಇಲ್ಲ ಎನ್ನುತ್ತದೆ. ಕಡತಗಳ ಹೆಸರುಗಳನ್ನೆಲ್ಲ ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತರುವ ಚಿಕ್ಕ ಸ್ಕ್ರಿಪ್ಟನ್ನು ಸಂಜೆ ಇಲ್ಲೇ ಹಾಕುತ್ತೇನೆ.

ಹೇಮಾವತಿ (ಹಾಸನ):

ವಿಳಾಸದಲ್ಲಿ ಕನ್ನಡ ಹೆಸರನ್ನು ಇಡುವುದನ್ನೇ ಬಿಟ್ಟು ಕ್ರಮಸಂಖ್ಯೆ ಕೊಡುವುದು ಮೇಲಲ್ಲವೇ? ವಿಳಾಸವನ್ನು ನಕಲು ಮಾಡಿದಾಗ ಕನ್ನಡದ ಪ್ರತಿ ಸಂಕೇತವೂ ಶೇಕಡಾ ಚಿಹ್ನೆಗಳೊಂದಿಗೆ ಒಂಬತ್ತು ಅಕ್ಷರಗಳಾಗಿ ಬಿಚ್ಚಿಕೊಳ್ಳುತ್ತದೆ. ‘ದೊಡ್ಡಗದ್ದವಳ್ಳಿ’ ಎಂಬ ಒಂದು ಹೆಸರು ವಾಟ್ಸಾಪಿನಲ್ಲಿ ನಾಲ್ಕು ಸಾಲಾಗುತ್ತದೆ.

ಬಳಪದ ಕಲ್ಲು (ಹಳೇಬೀಡು):

ಕನ್ನಡದ ಹೆಸರು ತೆಗೆಯುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಸಂಖ್ಯೆ ನೋಡಿ ಯಾವ ಶಿಲ್ಪವೆಂದು ಯಾರಿಗೆ ತಿಳಿಯುತ್ತದೆ?

ಹೇಮಾವತಿ (ಹಾಸನ):

ಹೆಸರು ಹೋಗುವುದಿಲ್ಲ, ವಿಳಾಸದಿಂದ ‘ಆಲ್ಟ್’ ಪಠ್ಯಕ್ಕೆ ಮತ್ತು ಚಿತ್ರದ ಕೆಳಗಿನ ವಿವರಣೆಗೆ ಬರುತ್ತದೆ. ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ತಂತ್ರಾಂಶ ಓದುವುದು ಅದನ್ನೇ. ಅಲ್ಲಿ ಹೆಸರಿನ ಜೊತೆಗೆ ಶಿಲ್ಪದ ಭಂಗಿಯನ್ನೂ ಒಂದು ವಾಕ್ಯದಲ್ಲಿ ಬರೆಯಬಹುದು, ಆ ವಾಕ್ಯಗಳನ್ನು ಬರೆಯಲು ತಮಗಿಂತ ತಕ್ಕವರಿಲ್ಲ.

ಬಳಪದ ಕಲ್ಲು (ಹಳೇಬೀಡು):

ಹಾಗಾದರೆ ಆಗಬಹುದು. ಮುಖ್ಯ ಬಿಂದು ಗುರುತಿಸುವಾಗಲೇ ಆ ವಾಕ್ಯವನ್ನೂ ಬರೆದುಬಿಡುತ್ತೇನೆ. ಯಗಚಿ ದಂಡೆಯವರು ಮೊದಲ ಐವತ್ತು ಚಿತ್ರಗಳ ಪಟ್ಟಿಯನ್ನು ಕಳುಹಿಸಲಿ, ಕೆಳಗಿನ ಗಜಪಟ್ಟಿಕೆಯಿಂದಲೇ ಆರಂಭಿಸೋಣ.

ಕೊಪ್ಪದ ಮೇಷ್ಟ್ರು:

ಮದನಿಕೆಗಳ ಪುಟ ಈಗ ನಮ್ಮ ಶಾಲೆಯ ಜಗುಲಿಯಲ್ಲಿ ನಿಂತರೂ ತೆರೆಯುತ್ತದೆ. ಹಳೇಬೀಡಿನದು ಇನ್ನೂ 404 ಎಂದೇ ಬರುತ್ತಿದೆ, ಸ್ಕ್ರಿಪ್ಟ್ ಓಡಿಸಿದ ಮೇಲೆ ತಿಳಿಸಿದರೆ ಮತ್ತೆ ನೋಡುತ್ತೇನೆ.